ತಂತಿಯೊಳಗಿನ ಮೂರು ಕೂಸು

ಉದ್ದನೆಯ ಟೆಲಿಫೋನ್ ತಂತಿಯ ನಡುನಡುವೆ ಕೂತ ದನಿ ಪೆಟ್ಟಿಗೆಗಳಿಗೆ ಇದ್ದದ್ದು ಒಂದೇ ನಿಯಮ: ಸೋತು ಬಂದ ದನಿಗೆ ಬಲ ಕೊಡಬೇಕು, ಮಾತು ಸೇರಿಸಬಾರದು.

ಆಸ್ಪತ್ರೆಯಿಂದ ಸುದ್ದಿ ಹೊರಟಿತು: "ಅವ್ವಾ, ಹೆಣ್ಣು ಕೂಸು ಹುಟ್ಟೇತಿ!"

"ಇಷ್ಟು ದೂರಕ್ಕೆ ಒಂದೇ ಕೂಸೇ?" ಎಂದು ಮೊದಲ ಪೆಟ್ಟಿಗೆ ಅವಳಿ ಮಾಡಿತು. ಎರಡನೆಯದು ಮೂರು ಮಾಡಿತು. ಮೂರನೆಯದು, "ಹುಟ್ಟುತ್ತಲೇ ಲಾವಣಿ ಹಾಡಿದವು!" ಎಂದು ಸೇರಿಸಿ ಕುಣಿಯಿತು.

ಕೊನೆಯ ಪೆಟ್ಟಿಗೆ ತುಕ್ಕಜ್ಜ ಗಾಬರಿಯಾದ. ಆಚೆ ತುದಿಯಲ್ಲಿ ಕೂಸಿನ ಅಜ್ಜಿ ನೀಲವ್ವ ಒಂದೇ ಕುಲಾವಿ ಹೊಲಿದು ಕಾದಿದ್ದಳು. ಉಳಿದೆರಡು ಕೂಸು ಎಲ್ಲಿ ಎಂದು ಆಕೆ ನಾಳೆ ಎದೆ ಬಡಿದುಕೊಂಡರೆ?

"ದಾಟಿಸೋ ಅಜ್ಜಾ, ಮುದುಕಿ ಕುಣೀಲಿ!" ಎಂದು ಮೂರೂ ಪೆಟ್ಟಿಗೆಗಳು ಕಿಚಾಯಿಸಿದವು.

"ಕೂಸು ಮೂರಂತೀರಿ, ಹಿಂದ ಅಳು ಒಂದ ಕೇಳಸ್ತೈತಲ್ಲೋ!" ಎಂದ ತುಕ್ಕಜ್ಜ, ಮಾತನ್ನೆಲ್ಲ ತಡೆದು, ಆ ಒಂದು ಅಳುವಿಗೆ ತನ್ನ ಬಲವನ್ನೆಲ್ಲ ಕೊಟ್ಟು ನೀಲವ್ವನ ಕಿವಿಗೆ ಬಿಟ್ಟ.