ಹಣೆಯ ಹಚ್ಚೆ

ಪ್ಲೇಗಿನ ಆ ವರ್ಷ ಪೂಜ್ಯ ಅಗ್ನೇಸಮ್ಮನವರು ಮಠದ ಕೋಣೆಯಲ್ಲಿ ಮಲಗಿದ್ದನ್ನು ಕಂಡವರಿಲ್ಲ. ಊರಾಚೆಯ ಬಯಲಿನಲ್ಲಿ ರೋಗಿಗಳಿಗೆಂದು ಹಾಕಿದ್ದ ಸೋಗೆಯ ಗುಡಿಸಲೇ ಅವರ ಮಠ, ಗಂಜಿಯ ಮಡಕೆಯೇ ಅವರ ಆಸ್ತಿ. ಕನ್ಯಾಸ್ತ್ರೀಯರು ಕಟ್ಟುವ ಬಿಳಿ ಪಟ್ಟಿ ಅವರ ಹಣೆಯನ್ನು ಹುಬ್ಬಿನವರೆಗೂ ಮುಚ್ಚಿರುತ್ತಿತ್ತು. ಆ ಹಣೆಯನ್ನು ಊರಿನವರು ಯಾರೂ ನೋಡಿರಲಿಲ್ಲ.

ಆ ದಿನಗಳಲ್ಲಿ ಒಬ್ಬ ಪ್ರಸಂಗಿ ಊರಿಗೆ ಬಂದ. ಬೈಬಲಿನ ಕೊನೆಯ ಭಾಗವಾದ ಸಂತ ಯೊವಾನ್ನರ ದರ್ಶನಕ್ಕೆ ಅರ್ಥ ಹೇಳುವುದು ಅವನ ಕೆಲಸ. ಅರ್ಥ ಹೇಳಿದನೋ, ಮೊದಲೇ ಹೆದರಿದವರನ್ನು ಇನ್ನಷ್ಟು ಹೆದರಿಸಿದನೋ, ದೇವರೇ ಬಲ್ಲ. ಆ ದರ್ಶನದಲ್ಲಿ ಬರುವ ಸಾವಿನ ಕುದುರೆ ನಿಮ್ಮ ಬೀದಿಗೇ ಬಂದಿದೆ ಎಂದ. ಹಣೆಯ ಮೇಲೆ, ಬಲಗೈಯ ಮೇಲೆ, ದೇವರಿಗೆ ಎದುರು ನಿಂತ ಮೃಗದ ಗುರುತು ಹೊತ್ತವರಿಗೆ ಸ್ವರ್ಗದ ಬಾಗಿಲು ತೆರೆಯದು ಎಂದ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಹಣೆಗೂ ಕೈಗೂ ಹಚ್ಚೆ ಚುಚ್ಚಿಸದೆ ಬಿಡುತ್ತಿರಲಿಲ್ಲ; ಕ್ರೈಸ್ತರಾದ ಮೇಲೂ ಆ ಪದ್ಧತಿ ಉಳಿದಿತ್ತು. ಕೇಳುತ್ತ ಕೂತಿದ್ದ ಹೆಂಗಸರು ಒಬ್ಬೊಬ್ಬರಾಗಿ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡರು.

ಅವರಲ್ಲಿ ಚೌರಮ್ಮ ಎಂಬ ವಿಧವೆಯೂ ಇದ್ದಳು. ಅವಳ ಒಬ್ಬಳೇ ಮಗಳು ಲೂರ್ದು, ಕಂಕುಳಲ್ಲಿ ಪ್ಲೇಗಿನ ಗೆಡ್ಡೆಯೆದ್ದು, ಅಗ್ನೇಸಮ್ಮನವರ ಗುಡಿಸಲಿನಲ್ಲಿ ಮಲಗಿದ್ದಳು. ಪ್ರಸಂಗ ಕೇಳಿದ ಮರುದಿನ ಚೌರಮ್ಮ ಅಲ್ಲಿಗೆ ಬಂದಾಗ ಅವಳ ಬಲಗೈಯಲ್ಲಿ ಹಚ್ಚೆಯಿದ್ದ ಕಡೆ ಹಸಿ ಸುಟ್ಟಗಾಯವಿತ್ತು. ಎಡಗೈಯಲ್ಲಿ ಬರೆ ಹಾಕುವ ಕಬ್ಬಿಣದ ಕಡ್ಡಿಯಿತ್ತು. ನೆಟ್ಟಗೆ ಒಲೆಯ ಬಳಿ ಹೋಗಿ ಅದನ್ನು ಕೆಂಡಕ್ಕೆ ತುರುಕಿದಳು.

“ನನ್ ಕೈಯಿಂದು ನಾನೇ ಸುಟ್ಕಂಡೆ ಅಮ್ಮಾರೇ, ಹಣೇದು ಆಮ್ಯಾಲೆ ಸುಟ್ಕತೀನಿ. ಮಗೀನ ಹಣೆ ಸುಡಕ್ಕೆ ಕೈ ಬರಾಕಿಲ್ಲ. ನೀವೇ ಬರೆ ಎಳೀರಿ. ಉಳೀತಾಳೆ ಅಂತ ನಂಗೇನೂ ಆಸೆ ಇಲ್ಲ. ಸಾಯೋಕೆ ಮುಂಚೆ ಆ ಗುರ್ತು ಹೋಗ್ಲಿ. ಚುಚ್ಚಿಸಿದ್ದು ನಾನು, ನರಕಕ್ಕೆ ಹೋಗೋದು ಅವ್ಳಾ?”

ಲೂರ್ದುವಿಗೆ ಎಚ್ಚರವಿತ್ತು. ಅಳುವುದಕ್ಕೂ ಶಕ್ತಿಯಿಲ್ಲದೆ ಆ ಕಡ್ಡಿಯನ್ನೇ ನೋಡುತ್ತಿದ್ದಳು. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ.

ಅಗ್ನೇಸಮ್ಮನವರು ತಮ್ಮ ಹಣೆಯ ಪಟ್ಟಿಯನ್ನು ಬಿಚ್ಚಿದರು. ಹುಬ್ಬುಗಳ ನಡುವೆ ಹಸಿರು ಹಚ್ಚೆಯಿತ್ತು, ಲೂರ್ದುವಿನ ಹಣೆಯಲ್ಲಿದ್ದಂಥದೇ. ಕೆಂಡದಿಂದ ಕಡ್ಡಿ ತೆಗೆದು ಚೌರಮ್ಮನ ಕೈಗಿತ್ತು, ಅವಳ ಮುಂದೆ ಮಂಡಿಯೂರಿದರು.

“ಮೊದ್ಲು ನಂದು ಸುಡವ್ವ. ನಮ್ಮವ್ವ ಹಾಕ್ಸಿದ್ದು.”

ಚೌರಮ್ಮನ ಕೈಯಿಂದ ಕಡ್ಡಿ ಜಾರಿ ಬಿತ್ತು.

“ಮೃಗ ಅಂದ್ರೆ ಬಡವರನ್ನ ತುಳಿದ ರಾಜ,” ಎಂದರು ಅಗ್ನೇಸಮ್ಮನವರು. “ಅವನ ಗುರುತು ಅಂದ್ರೆ ಅವನಿಗೆ ಮನಸ್ಸು ಮಾರ್ಕೊಳ್ಳೋದು. ಅದು ಚರ್ಮದ ಮೇಲಿರಲ್ಲ. ಆ ದರ್ಶನ ಬರೆದೋರು ತಾವೇ ಗಡೀಪಾರಾಗಿದ್ದೋರು, ಸಾಯ್ತಿರೋರ್ನ ಹೆದರ್ಸೋಕೆ ಬರೀಲಿಲ್ಲ. ದೇವರು ತನ್ನೋರಿಗೆ ಮುದ್ರೆ ಒತ್ತೋದೂ ಹಣೆಗೇ ಅಂತ ಅದರಲ್ಲೇ ಐತೆ. ಹೆಸರಿಟ್ಟಾಗ ಈ ಮಗೀನ ಹಣೆಗೆ ಜ್ಞಾನಸ್ನಾನದ ನೀರು ಬಿದ್ದಿಲ್ವಾ?”

“ಹಂಗಾರೆ ಉಳೀತಾಳಾ?”

“ಇಲ್ಲವ್ವ.”

ಆಗ ಲೂರ್ದು ಸಣ್ಣ ದನಿಯಲ್ಲಿ ಕೇಳಿದಳು. “ಚುಚ್ಚುವಾಗ ನಿಮ್ಗೂ ಉರೀತಾ ಅಮ್ಮಾರೇ?”

“ಉರೀತು ಮಗ. ನಮ್ಮವ್ವ ಕೈ ಬಿಡ್ಲಿಲ್ಲ.”

ಚೌರಮ್ಮ ಮಗಳ ಕೈ ಹಿಡಿದು ಕೂತಳು. ಸಂಜೆಯ ಹೊತ್ತಿಗೆ ಆ ಕೈ ತಣ್ಣಗಾಯಿತು. ಪವಾಡ ನಡೆಯಲಿಲ್ಲ. ನಡೆಯಿತೆಂದು ಬರೆದು ಆ ತಾಯಿಗೆ ಮೋಸ ಮಾಡಲಾರೆ.

ಮದುವೆಯಾಗದೆ ತೀರಿಕೊಂಡ ಹೆಣ್ಣುಮಕ್ಕಳನ್ನು ಹೂವಿನ ಕಿರೀಟವಿಟ್ಟು ಮಣ್ಣು ಮಾಡುವುದು ನಮ್ಮ ಊರಿನವರ ರೂಢಿ. ನೆರೆಯ ಹೆಂಗಸೊಬ್ಬಳು ಪ್ರಸಂಗಿಯ ಮಾತು ನೆನೆದು, ಹಚ್ಚೆ ಕಾಣದಿರಲೆಂದು ಕಿರೀಟವನ್ನು ಲೂರ್ದುವಿನ ಹುಬ್ಬಿನವರೆಗೆ ಇಳಿಸಿದಳು. ಚೌರಮ್ಮ ಅದನ್ನು ಮೇಲಕ್ಕೆ ಸರಿಸಿ, ಹಚ್ಚೆಗೆ ಮುತ್ತಿಟ್ಟಳು.

“ಕಾಣ್ಲಿ ಬಿಡ್ರವ್ವ. ಇವ್ಳು ಯಾರ ಮಗ್ಳು ಅಂತ ದೇವ್ರಿಗೆ ಗೊತ್ತಾಗ್ಲಿ.”

ಮಣ್ಣು ಮುಗಿದ ಮೇಲೆ ಅವಳು ಮನೆಗೆ ಹೋಗಲಿಲ್ಲ. ಸೆರಗನ್ನು ಹಣೆಯಿಂದ ಹಿಂದಕ್ಕೆ ಸರಿಸಿಕೊಂಡು, ಅಗ್ನೇಸಮ್ಮನವರ ಹಿಂದೆಯೇ ರೋಗಿಗಳ ಗುಡಿಸಲಿಗೆ ನಡೆದಳು.