ಪರಿಪೂರ್ಣ ಸಂಖ್ಯೆಯ ಸನ್ಮಾನ

ಸಂಖ್ಯೆಗಳನ್ನೆಲ್ಲ ಕೊನೆಯವರೆಗೆ ಎಣಿಸಿ ಮುಗಿಸಿದವನು ನಾನೊಬ್ಬನೇ. ಸುಳ್ಳು ಬಿಡಿ, ನೂರು ದಾಟುವಷ್ಟರಲ್ಲಿ ನಿದ್ದೆ ಬಂತು. ಇದು ಮಾತ್ರ ನಿಜ.

3,35,50,336 ಎಂಬ ದೊಡ್ಡ ಸಂಖ್ಯೆಯನ್ನು ಎಲ್ಲರೂ ಪರಿಪೂರ್ಣ ಎನ್ನುತ್ತಿದ್ದರು. ಅದನ್ನು ಶೇಷವಿಲ್ಲದೆ ಭಾಗಿಸುವ ಚಿಕ್ಕ ಸಂಖ್ಯೆಗಳನ್ನೆಲ್ಲ ಕೂಡಿದರೆ ಸರಿಯಾಗಿ ಅದೇ ಬರುತ್ತಿತ್ತು. ಸನ್ಮಾನದ ದಿನ ಆ ಭಾಜಕಗಳೆಲ್ಲ ಸಾಲಾಗಿ ಬಂದವು. ಕೊನೆಯಲ್ಲಿದ್ದ 'ಒಂದು' ಎಂಬ ಪುಟ್ಟ ಸಂಖ್ಯೆಯನ್ನು ದೊಡ್ಡ ಸಂಖ್ಯೆ ತಡೆಯಿತು.

"ನೀನು ಕಂಡಕಂಡವರನ್ನೆಲ್ಲ ಭಾಗಿಸುವವನು. ನಮ್ಮ ಸಾಲಿನಲ್ಲಿ ನಿನಗೇನು ಕೆಲಸ?"

"ನಾನೂ ನಿಮ್ಮವನೇ, ದಣಿ."

"ಆಚೆ ನಡಿ!"

ಒಂದು ಹೊರಟುಹೋಯಿತು. ಉಳಿದವರನ್ನು ಕೂಡಿ ನೋಡಿದರೆ 3,35,50,335. ಸಭೆ ಗೊಳ್ಳೆಂದು ನಕ್ಕಿತು.

"ಕಳ್ಳ! ನನ್ನ ಪರಿಪೂರ್ಣತೆಯನ್ನೇ ಕದ್ದುಕೊಂಡು ಹೋದ!" ಎಂದು ದೊಡ್ಡ ಸಂಖ್ಯೆ ಕೂಗಿತು.

"ಹೌದು ದಣಿ, ನಾನೇ ಕಣ್ಣಾರೆ ಕಂಡೆ," ಎಂದಿತು ಎರಡು. ಈಗ ಸಾಲಿನ ಕೊನೆಯಲ್ಲಿ ನಿಂತಿದ್ದದ್ದು ಅದೇ.

ಈ ಕಥೆ ಹೇಳಿ ನನ್ನ ಬಾಯೆಲ್ಲ ಕಹಿಯಾಯಿತು. ನನ್ನ ಚಹಾದ ದುಡ್ಡು ನೀವೇ ಕೊಟ್ಟುಬಿಡಿ, ಸ್ವಾಮಿ.