ತೊಳೆದು ಕೆಟ್ಟ ಕಡಲು

“ಗುರುಗಳೇ, ಹೊಲಸು ಕಣ್ಣಿಗೆ ಕಂಡ ಮೇಲೂ ತೊಳೆಯದೆ ಕೂರುವುದು ಧರ್ಮವೇ?”

ಕೇಳಿದ ಶಿಷ್ಯ ಹೊಳೆಯಾಚೆಯ ಹೊಸ ಆಶ್ರಮದಿಂದ ಬಂದಿದ್ದ. ಅದನ್ನು ನಡೆಸುವ ಹೊಣೆಯನ್ನು ಗುರುಗಳು ಅವನಿಗೆ ಒಪ್ಪಿಸಿದ್ದರು. ಕಲ್ಮಷವಿಲ್ಲದ ಜಾಗವೊಂದನ್ನು ಕಟ್ಟಬೇಕೆಂಬುದು ಅವನ ಆಸೆ. ಆದರೆ ಅಲ್ಲಿ ಸೇರಿದ ಜನ ಬಂದ ಹೊಸದರಲ್ಲಿ ಕೈಮುಗಿದರು, ಆಮೇಲೆ ಮುಖ ತಿರುಗಿಸಿದರು. ಅಡುಗೆಯವನಿಗೂ ತೋಟದವನಿಗೂ ಆಗದು. ಒಬ್ಬ ಆಡಿದ ಮಾತು ಇನ್ನೊಬ್ಬನ ಕಿವಿಗೆ ಬೀಳುವಷ್ಟರಲ್ಲಿ ಬಣ್ಣ ಬದಲಿಸಿರುತ್ತಿತ್ತು. ಶಿಷ್ಯ ಎಲ್ಲರನ್ನೂ ಕಳಿಸಿ ಬೇರೆಯವರನ್ನು ಸೇರಿಸಿಕೊಂಡ. ಅವರಲ್ಲೂ ಅದೇ ಜಗಳ. ಅವರನ್ನೂ ಕಳಿಸಿದ. ಈಗ ಇರುವವರನ್ನೂ ಕಳಿಸಲು ಅಪ್ಪಣೆ ಬೇಡಲು ಬಂದಿದ್ದ. ಸಿಗದಿದ್ದರೆ ಹೊಣೆಯನ್ನೇ ಬಿಟ್ಟುಬಿಡುವುದೆಂದು ದೋಣಿಯಲ್ಲಿ ಕುಳಿತೇ ನಿಶ್ಚಯಿಸಿದ್ದ.

ಗುರುಗಳು ಅಪ್ಪಣೆ ಕೊಡಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ. ಕುಳಿತುಕೊಳ್ಳಲು ಹೇಳಿ ಕತೆ ಶುರುಮಾಡಿದರು.

ಬಯಲು ನಾಡಿನ ಊರೊಂದರಲ್ಲಿ ಒಬ್ಬ ಪಾತ್ರೆ ವ್ಯಾಪಾರಿಯಿದ್ದ. ತಾಮ್ರ, ಹಿತ್ತಾಳೆ ಅವನ ವ್ಯಾಪಾರ. ಅಂಗಡಿಯಲ್ಲಿ ಕಲೆಯಿರುವ ಒಂದು ಚೊಂಬೂ ಕಾಣಸಿಗದು. ತೊಳೆದಷ್ಟೂ ಹೊಳೆಯುತ್ತದೆ ಎಂಬುದು ಅವನ ಅಪ್ಪ ಕಲಿಸಿದ ಪಾಠ. ಆ ಪಾಠ ಅವನನ್ನು ಎಂದೂ ಕೈಬಿಟ್ಟಿರಲಿಲ್ಲ.

ಅವನ ಗೆಳೆಯನೊಬ್ಬ ಕಡಲಿನ ಮೀನು ಸಾಕುತ್ತಿದ್ದ. ಕಿತ್ತಳೆ ಮೈ, ಬಿಳಿ ಪಟ್ಟೆ; ಒಂದು ಜೋಡಿ. ಗೆಳೆಯನಿಗೆ ದೂರದ ಊರಿಗೆ ವರ್ಗವಾಯಿತು. ಅಷ್ಟು ದೂರದ ಪ್ರಯಾಣವನ್ನು ಮೀನುಗಳು ತಾಳಲಾರವು. “ನಾನು ನೋಡಿಕೊಳ್ಳುತ್ತೇನೆ, ಹೋಗಿ ಬಾ,” ಎಂದು ವ್ಯಾಪಾರಿ ಮಾತು ಕೊಟ್ಟ. ಮಾತಿಗೆ ತಪ್ಪುವ ಮನುಷ್ಯ ಅವನಲ್ಲ. ಮೀನುಗಳನ್ನು ಒಂದು ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಟ್ಟು, ದಿನವೂ ಅದರ ಉಪ್ಪುನೀರು ಬದಲಿಸುತ್ತ, ಅವಕ್ಕೆಂದು ನಡುಮನೆಯಲ್ಲಿ ದೊಡ್ಡದೊಂದು ಗಾಜಿನ ತೊಟ್ಟಿ ಕಟ್ಟಿಸಿದ. ತಳಕ್ಕೆ ಮರಳು ಹಾಸಿದ. ಕಡಲಿನ ತೂತುಗಲ್ಲುಗಳನ್ನು ಜೋಡಿಸಿದ. ಶುದ್ಧ ನೀರಿಗೆ ಕಡಲಿನ ಉಪ್ಪು ಅಳೆದು ಬೆರೆಸಿ ತುಂಬಿದ.

ಮೀನಿನ ಅಂಗಡಿಯವನು ಎಚ್ಚರ ಹೇಳಿದ್ದ. “ಮೀನು ಬಿಡುವ ಮೊದಲು ತೊಟ್ಟಿಯ ನೀರು ಹದಕ್ಕೆ ಬರಬೇಕು ಸ್ವಾಮಿ. ದಿನವೂ ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಅಮೋನಿಯಾ ಆಗುತ್ತದೆ. ವಿಷ ಅದು. ಆದರೆ ಅದನ್ನು ತಿನ್ನುವ, ಕಣ್ಣಿಗೆ ಕಾಣದ ಜೀವಗಳಿವೆ. ಅವು ಬಂದು ಕಲ್ಲಿನಲ್ಲಿ, ಮರಳಿನಲ್ಲಿ ಮನೆ ಮಾಡಬೇಕು. ಅಲ್ಲಿಯ ತನಕ ಅಳೆಯುತ್ತಿರಿ.” ಅಳೆಯಲು ಒಂದು ಸಣ್ಣ ಸೀಸೆ ಕೊಟ್ಟ. ತೊಟ್ಟಿಯ ತುಸು ನೀರನ್ನು ಬೇರೆ ತೆಗೆದು ಸೀಸೆಯ ಹನಿ ಬಿಟ್ಟರೆ ಆ ನೀರು ಹಳದಿಯಾಗಬೇಕು. ಹಸಿರಾದರೆ ವಿಷವಿದೆ ಎಂದರ್ಥ.

ಮೊದಲ ದಿನ ಹಳದಿ. ಕೆಲವು ದಿನ ಕಳೆಯುವಷ್ಟರಲ್ಲಿ ಹಸಿರು. ವ್ಯಾಪಾರಿಗೆ ಆ ಹಸಿರು ಕಂಡು ಸಹಿಸಲಾಗಲಿಲ್ಲ. ತನ್ನ ಮನೆಯೊಳಗೆ, ತಾನು ಕಟ್ಟಿಸಿದ ತೊಟ್ಟಿಯೊಳಗೆ ವಿಷ! ನೀರನ್ನೆಲ್ಲ ಚೆಲ್ಲಿದ. ಕಲ್ಲುಗಳನ್ನು ಹೊರತೆಗೆದು ನಲ್ಲಿಯ ಕೆಳಗಿಟ್ಟು ಬ್ರಷ್ಷಿನಿಂದ ಉಜ್ಜಿದ. ಮರಳನ್ನು ಅಕ್ಕಿ ತೊಳೆದ ಹಾಗೆ ತೊಳೆದ. ಹೊಸ ನೀರು ತುಂಬಿದ. ಹಳದಿ ಬಂತು, ನಿಟ್ಟುಸಿರು ಬಿಟ್ಟ. ಆಮೇಲೆ ಮತ್ತೆ ಹಸಿರು. ಮತ್ತೆ ಚೆಲ್ಲಿದ, ಮತ್ತೆ ಉಜ್ಜಿದ.

ಇಲ್ಲಿ ಶಿಷ್ಯ ತಡೆಯಲಾರದೆ ಬಾಯಿ ಹಾಕಿದ. “ಅವನ ತಪ್ಪೇನು ಗುರುಗಳೇ? ವಿಷವನ್ನು ತಾನೇ ಚೆಲ್ಲಿದ್ದು?”

“ಅವನೂ ಹಾಗೇ ಅಂದುಕೊಂಡ,” ಎಂದು ಗುರುಗಳು ಮುಂದುವರಿಸಿದರು.

ತಪ್ಪು ಎಲ್ಲಿದೆ ಎಂದು ವ್ಯಾಪಾರಿ ಹುಡುಕತೊಡಗಿದ. ಉಪ್ಪು ಹೆಚ್ಚಾಯಿತೇ? ಅಳೆದ, ಸರಿಯಿತ್ತು. ನೀರು ಬಿಸಿಯಾಯಿತೇ? ಅದೂ ಸರಿಯಿತ್ತು. ಸೀಸೆಯೇ ಹಳತೆಂದು ಹೊಸದು ತಂದ. ಅದೂ ಹಸಿರನ್ನೇ ತೋರಿಸಿತು. ಒಂದು ತಪ್ಪೇನೋ ನಿಜವಾಗಿಯೂ ಸಿಕ್ಕಿತು. ತಾಮ್ರದಲ್ಲಿಟ್ಟ ನೀರು ಪವಿತ್ರ ಎಂದು ಅವನು ತೊಟ್ಟಿಗೆ ತುಂಬುವ ನೀರನ್ನು ತಾಮ್ರದ ಹಂಡೆಯಲ್ಲಿ ಕೂಡಿಡುತ್ತಿದ್ದ. ಅಂಗಡಿಯವನು ಅದನ್ನು ಕೇಳಿ ಹಣೆ ಚಚ್ಚಿಕೊಂಡ. “ನಮ್ಮ ಹೊಟ್ಟೆಗೆ ತಾಮ್ರ ಒಳ್ಳೆಯದಿರಬಹುದು ಸ್ವಾಮಿ, ಕಡಲಿನ ಜೀವಕ್ಕೆ ಅದು ಯಮ!” ವ್ಯಾಪಾರಿ ಹಂಡೆಯನ್ನು ಆಚೆಗಿಟ್ಟ. ಎಲ್ಲ ಕಷ್ಟ ಇಲ್ಲಿಗೆ ತೀರಿತೆಂದು ಕುಣಿದ. ಮತ್ತೊಮ್ಮೆ ಎಲ್ಲವನ್ನೂ ತೊಳೆದು ತುಂಬಿದ. ಮತ್ತೆ ಹಸಿರು.

ಅತ್ತ ಟಬ್ಬಿನ ಮೀನುಗಳು ಸೊರಗುತ್ತಿದ್ದವು. ಕೈಯಿಂದ ಆಹಾರ ಕಚ್ಚಿಕೊಂಡು ಹೋಗುತ್ತಿದ್ದ ಅವು ಈಗ ಮೂಲೆ ಹಿಡಿದವು. ಒಂದು ಬೆಳಿಗ್ಗೆ ಹೆಣ್ಣುಮೀನು ಪಕ್ಕಕ್ಕೆ ವಾಲಿಕೊಂಡು ಕಿವಿರು ಬಡಿಯುತ್ತಿತ್ತು. ತೊಟ್ಟಿಗೆ ಬಿಟ್ಟರೆ ವಿಷ, ಟಬ್ಬಿನಲ್ಲೇ ಬಿಟ್ಟರೆ ಸಾವು. ವ್ಯಾಪಾರಿ ತಲೆಯ ಮೇಲೆ ಕೈಹೊತ್ತು ಕುಳಿತ. “ಗೆಳೆಯನಿಗೆ ಯಾವ ಮುಖ ತೋರಿಸಲಿ? ಈ ತೊಟ್ಟಿಯನ್ನೇ ಒಡೆದು ಹಾಕುತ್ತೇನೆ,” ಎಂದ.

ಅವನ ಹೆಂಡತಿ ಇಷ್ಟು ದಿನ ಸುಮ್ಮನೆ ನೋಡುತ್ತಿದ್ದಳು. ಅವಳು ಕೇಳಿದಳು:

“ಅಲ್ಲಾ ರೀ, ಅಂಗಡಿಯವನು ಹೇಳಿದನಲ್ಲ, ವಿಷ ತಿನ್ನುವ ಕಾಣದ ಜೀವ, ಅದು ಎಲ್ಲಿ ಮನೆ ಮಾಡುತ್ತದಂತೆ?”

“ಕಲ್ಲಿನಲ್ಲಿ, ಮರಳಿನಲ್ಲಿ.”

“ಆ ಕಲ್ಲನ್ನು ಯಾವ ನೀರಿನಲ್ಲಿ ತೊಳೆದಿರಿ?”

“ನಲ್ಲಿ ನೀರಿನಲ್ಲಿ. ಹೊಲಸು ನೀರಿನಲ್ಲಿ ತೊಳೆಯುತ್ತೇನೆಯೇ?”

“ನಲ್ಲಿ ನೀರಿಗೆ ಬ್ಲೀಚಿಂಗ್ ಪುಡಿ ಯಾತಕ್ಕೆ ಹಾಕುತ್ತಾರೆ?”

“ಕ್ರಿಮಿ ಸಾಯಲಿ ಅಂತ...” ಎಂದ ವ್ಯಾಪಾರಿಯ ಮಾತು ಅಲ್ಲಿಗೇ ನಿಂತಿತು.

ಹೆಂಡತಿ ಬಿಡಲಿಲ್ಲ. “ಹಾಲಿಗೆ ಹೆಪ್ಪು ಹಾಕಿದವಳು ಗಳಿಗೆಗೊಮ್ಮೆ ಅದನ್ನು ಚೆಲ್ಲಿ ಪಾತ್ರೆ ತೊಳೆದು, ಮೊಸರಾಗಲಿಲ್ಲ ಮೊಸರಾಗಲಿಲ್ಲ ಎಂದು ಅತ್ತರೆ ನೀವು ಅವಳನ್ನು ಏನೆನ್ನುತ್ತೀರಿ?”

“ಹುಚ್ಚಿ ಅನ್ನುತ್ತೇನೆ.”

“ನಾನೇನೂ ಅನ್ನುವುದಿಲ್ಲಪ್ಪ. ಕಟ್ಟಿಕೊಂಡ ಗಂಡನನ್ನು ಹಾಗೆಲ್ಲ ಅನ್ನಬಾರದಂತೆ.”

ವ್ಯಾಪಾರಿಗೆ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ ನಗು ಬಂತು. ಎದ್ದವನೇ ಅಂಗಡಿಗೆ ಓಡಿದ. ಅಂಗಡಿಯವನ ಹಳೆಯ ತೊಟ್ಟಿಯಿಂದ, ಪಾಚಿ ಹಿಡಿದ ಒಂದು ಕಲ್ಲನ್ನು ಬೇಡಿ, ಒದ್ದೆ ಕಾಗದದಲ್ಲಿ ಸುತ್ತಿ ತಂದ. ಅದನ್ನು ಉಜ್ಜದೆ, ತೊಳೆಯದೆ, ಹಾಗೆಯೇ ತೊಟ್ಟಿಯ ನೀರಿಗೆ ಇಳಿಸಿದ. ಅವನ ಜನ್ಮದಲ್ಲಿ ತೊಳೆಯದೆ ಒಳಗೆ ತಂದ ಮೊದಲ ವಸ್ತು ಅದು. ಟಬ್ಬಿನ ನೀರನ್ನು ಮಾತ್ರ ಮೊದಲಿನಂತೆಯೇ ಬದಲಿಸುತ್ತ ಬಂದ. ಅಲ್ಲಿ ತಿನ್ನುವ ಮೀನುಗಳಿದ್ದವು, ವಿಷ ತಿನ್ನುವವರಿರಲಿಲ್ಲ. ಅಲ್ಲಿ ಚೆಲ್ಲುವುದೇ ಸರಿ. ಅಲ್ಲಿಯ ನಿಯಮವನ್ನು ತೊಟ್ಟಿಗೂ ತಂದದ್ದು ತನ್ನ ತಪ್ಪೆಂದು ಈಗ ಅವನಿಗೆ ತಿಳಿದಿತ್ತು.

ತಿಳಿದರೇನು, ಕೈ ಕೇಳಬೇಕಲ್ಲ? ಕಲ್ಲುಗಳ ಮೇಲೆ ಕಂದು ಬಣ್ಣದ ಪೊರೆ ಕಟ್ಟಿತು. ಗಾಜು ಮಸುಕಾಯಿತು. ಬ್ರಷ್ಷು ಹಿಡಿದು ತೊಟ್ಟಿಯನ್ನು ಸುತ್ತಿದ. “ಕೈ ತುರಿಸಿದರೆ ದೇವರ ಮನೆಯ ದೀಪಗಳಿವೆ, ಉಜ್ಜಿ,” ಎಂದಳು ಹೆಂಡತಿ. ಅವನು ದೀಪ ಉಜ್ಜಿದ, ಆರತಿ ತಟ್ಟೆ ಉಜ್ಜಿದ, ನೆರೆಮನೆಯ ಕೊಳಗವನ್ನೂ ಕೇಳಿ ತಂದು ಉಜ್ಜಿದ. ತೊಟ್ಟಿಯನ್ನು ಮುಟ್ಟಲಿಲ್ಲ. ದಿನವೂ ಚಿಟಿಕೆ ಆಹಾರ ಹಾಕಿದ. ಆವಿಯಾದಷ್ಟು ಸಿಹಿನೀರು ಸೇರಿಸಿದ. ಅಳೆದ.

ಒಂದು ದಿನ ಹಸಿರು ತುಸು ತಿಳಿಯಾಯಿತು. ಮರುದಿನ ಇನ್ನೂ ತಿಳಿಯಾಯಿತು. ಹಿಗ್ಗಿ ಅಂಗಡಿಯವನಿಗೆ ಹೇಳಿದರೆ ಅವನು ಇನ್ನೊಂದು ಸೀಸೆ ಕೊಟ್ಟ. ಅಮೋನಿಯಾ ಇಳಿದ ಮೇಲೆ ನೈಟ್ರೈಟ್ ಎಂಬ ಇನ್ನೊಂದು ವಿಷ ಏರುತ್ತದಂತೆ. ಹನಿ ಬಿಟ್ಟು ನೋಡಿದರೆ ಕಡು ನೇರಳೆ.

“ನೋಡಿದೆಯೇನೇ? ಒಂದು ತೊಲಗಿತು ಎನ್ನುವಾಗ ಇನ್ನೊಂದು ವಕ್ಕರಿಸಿತು!” ವ್ಯಾಪಾರಿ ಬಕೆಟ್ಟಿಗೆ ಕೈ ಹಾಕಿದ.

“ಬಕೆಟ್ಟು ಕೆಳಗಿಡಿ. ಮೊದಲನೆಯದು ಎಲ್ಲಿಗೆ ಹೋಯಿತು? ನೀವು ಚೆಲ್ಲಿದಿರಾ? ಇಲ್ಲವಲ್ಲ. ಹಾಗಾದರೆ ಯಾರೋ ಬಂದು ಉಂಡಿದ್ದಾರೆ. ಇದು ಅವರು ಬಿಟ್ಟ ಎಂಜಲು. ಎಂಜಲು ಎತ್ತುವವರೂ ಬರುತ್ತಾರೆ, ತಾಳಿ.”

ಅವನು ಬಕೆಟ್ಟು ಕೆಳಗಿಟ್ಟ. ಅವನ ಬಾಳಿನಲ್ಲಿ ಅದಕ್ಕಿಂತ ಭಾರವಾದುದನ್ನು ಕೆಳಗಿಟ್ಟಿರಲಿಲ್ಲ.

ಅವರೂ ಬಂದರು. ನೇರಳೆ ತಿಳಿಯಾಯಿತು, ಕೊನೆಗೆ ಇಲ್ಲವಾಯಿತು. ವ್ಯಾಪಾರಿ ನಂಬದೆ ಎರಡನ್ನೂ ಮತ್ತೆ ಅಳೆದ. ಎರಡೂ ಇಲ್ಲ. ಬೇಕೆಂದೇ ಒಂದು ಚಿಟಿಕೆ ಹೆಚ್ಚು ಆಹಾರ ಹಾಕಿ ಮರುದಿನ ನೋಡಿದ. ಹಳದಿ. ಮೊದಲ ದಿನದ ನೀರೂ ಹಳದಿಯನ್ನೇ ತೋರಿಸಿತ್ತು. ಆದರೆ ಅಂದಿನ ನೀರಿಗೆ ಒಂದು ಚಿಟಿಕೆಯನ್ನೂ ಅರಗಿಸಿಕೊಳ್ಳುವ ಶಕ್ತಿ ಇರಲಿಲ್ಲ.

ಅಂಗಡಿಯವನ ಮಾತಿನಂತೆ ಕೊನೆಗೊಮ್ಮೆ, ಕಲ್ಲು ಮರಳನ್ನು ಮುಟ್ಟದೆ, ಅರ್ಧ ನೀರನ್ನು ಮಾತ್ರ ಬದಲಿಸಿದ. ಟಬ್ಬಿಗೆ ತೊಟ್ಟಿಯ ನೀರನ್ನು ಹನಿಹನಿಯಾಗಿ ಸೇರಿಸಿ ಮೀನುಗಳನ್ನು ಅದಕ್ಕೆ ಒಗ್ಗಿಸಿದ. ಮೆಲ್ಲನೆ ತೊಟ್ಟಿಗೆ ಬಿಟ್ಟ. ಎರಡೂ ಕಲ್ಲಿನ ಹಿಂದೆ ಹೋಗಿ ಮರೆಯಾದವು. ಗಂಡ ಹೆಂಡತಿ ನೆಲದ ಮೇಲೆ ಕುಳಿತು ಕಾದರು. ಕಾಫಿ ಆರಿತು. ಕೊನೆಗೆ ಗಂಡುಮೀನು ಮೂತಿ ಹೊರಹಾಕಿತು. ಅದರ ಬೆನ್ನಿಗೆ ಹೆಣ್ಣು ನೆಟ್ಟಗೆ ಈಜಿಕೊಂಡು ಬಂದು, ಕಂದು ಪೊರೆಯ ಕಲ್ಲೊಂದನ್ನು ಕುಟುಕಿ ನೋಡಿತು.

ವ್ಯಾಪಾರಿ ಗೋಡೆಗೆ ಒರಗಿದ. ಗೆಳೆಯನಿಗೆ ಫೋನ್ ಮಾಡಿದ. “ಚೆನ್ನಾಗಿವೆ ಕಣೋ,” ಎಂದ. ಹೆಂಡತಿಯೇ ಫೋನ್ ತೆಗೆದುಕೊಂಡು ಉಳಿದುದನ್ನು ಹೇಳಿದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಸಡಿಲವಾಗಿತ್ತು. ಹೊಣೆ ಬಿಡಬೇಕಾದ ಕಾರಣ ಅವನಿಗೀಗ ಕಾಣಲಿಲ್ಲ. ಈಗ ಇರುವವರನ್ನು ಕಳಿಸಬೇಕಾದ ಅವಸರವೂ ಇರಲಿಲ್ಲ. ತಾನು ಕಟ್ಟುತ್ತಿದ್ದುದನ್ನು ತಾನೇ ಎರಡು ಸಲ ತೊಳೆದು ಚೆಲ್ಲಿದ್ದೆನೆಂದು ಅವನಿಗೆ ಅರ್ಥವಾಗಿತ್ತು. ಚೆಲ್ಲುವುದು ಇನ್ನೂ ಉಳಿದಿದೆ ಎಂಬ ಭಾರ ಇಳಿದು ಮೈ ಹಗುರಾಯಿತು. ಆದರೂ ಒಂದು ಅಳುಕು ಉಳಿದಿತ್ತು. ಅದನ್ನೂ ಬಿಚ್ಚಿ ಹೇಳಿದ.

“ಗುರುಗಳೇ, ಆ ಕಲ್ಲಿನಲ್ಲಿ ಜೀವವಿದೆ ಎಂದು ವ್ಯಾಪಾರಿಗೆ ಅಂಗಡಿಯವನಾದರೂ ಹೇಳಿದ್ದ. ಈ ಜನರಲ್ಲಿ ಅಂಥದ್ದೇನೋ ಇದೆ ಎಂದು ನಾನು ಹೇಗೆ ನಂಬಲಿ? ಎಷ್ಟು ದಿಟ್ಟಿಸಿದರೂ ನನಗೆ ಏನೂ ಕಾಣಿಸುತ್ತಿಲ್ಲ.”

ಗುರುಗಳು ಹೇಳಿದರು: “ನೀನು ಇಲ್ಲಿಗೆ ಬಂದ ಹೊಸದರಲ್ಲಿ ನಿನ್ನಲ್ಲೂ ಯಾರಿಗೂ ಏನೂ ಕಾಣಿಸಿರಲಿಲ್ಲ.”